ಮೂರು ತಾಸಿನ ವಿಡಿಯೊ, ಒಂದು ಡಿವಿಡಿ: ಎಷ್ಟು ತುಂಬಬಹುದು?

ಪ್ರಶ್ನೆ: ನಮ್ಮದು ಬಾಗಲಕೋಟೆ, ಈಗ ನವನಗರದಲ್ಲಿದ್ದೇವೆ. ಆಲಮಟ್ಟಿ ಹಿನ್ನೀರು ಬರುವ ಮುಂಚೆ ನಮ್ಮ ಮನೆ ಹಳೇ ಊರಿನಲ್ಲಿ, ಹೊಳೆ ಕಡೆಯ ಓಣಿಯಲ್ಲಿತ್ತು. ಅಪ್ಪ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದ ಮೂರು ಟೇಪು ಇವೆ. ಅಕ್ಕನ ಮದುವೆ 60 ನಿಮಿಷ, ಹೋಳಿ ಹುಣ್ಣಿಮೆ 60 ನಿಮಿಷ, ಮನೆ ಬಿಡುವ ಮುಂಚೆ ಮನೆಯಲ್ಲೆಲ್ಲ ಓಡಾಡಿ ತೆಗೆದದ್ದು 45 ನಿಮಿಷ. ಜೊತೆಗೆ ಮೊನ್ನೆ ಮಗನ ಜವಳದಲ್ಲಿ ಮೊಬೈಲಿನಲ್ಲಿ ತೆಗೆದದ್ದು 30 ನಿಮಿಷ. ಎಲ್ಲಾ ಸೇರಿ ಕಂಪ್ಯೂಟರಿನಲ್ಲಿ ಸುಮಾರು 40 ಜಿಬಿ ಆಗಿದೆ. ಇಳಕಲ್ಲಿನಲ್ಲಿರುವ ನಮ್ಮ ದೊಡ್ಡವ್ವನಿಗೆ ಮೊಬೈಲು, ಪೆನ್‌ಡ್ರೈವು ಗೊತ್ತಾಗುವುದಿಲ್ಲ. ಡಿವಿಡಿ ಪ್ಲೇಯರ್ ಹಾಕಲು ಬರುತ್ತದೆ. ನಾನೇ ಕೆಲವು ಫೈಲುಗಳನ್ನು ಡಿವಿಡಿಗೆ ಕಾಪಿ ಮಾಡಿ ಕೊಟ್ಟೆ. ‘ತಮ್ಮಾ, ಇದ್ರಾಗ ಏನೂ ಬರವಲ್ದಲ್ಲೋ’ ಅಂದರು. ಆಮೇಲೆ ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಡಿವಿಡಿಗೆ ಹಾಕಿಸಿದೆ. ಅದು ಓಡುತ್ತದೆ, ಆದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಒಂದೇ ಡಿವಿಡಿಯಲ್ಲಿ ಚೆನ್ನಾಗಿ ಬರುವ ಹಾಗೆ ಮಾಡಲು ಆಗುವುದಿಲ್ಲವೇ?

ಉತ್ತರ: ಒಂದರಲ್ಲಿ ಚೆನ್ನಾಗಿ ಬರುವುದಿಲ್ಲ. ಎರಡು ಡಿವಿಡಿ ಮಾಡಿ. ಎರಡಾದರೆ ತುಂಬಾ ಚೆನ್ನಾಗಿ ಬರುತ್ತದೆ. ಯಾಕೆ ಅಂತ ಹೇಳುತ್ತೇನೆ. ಲೆಕ್ಕ ಒಮ್ಮೆ ಗೊತ್ತಾದರೆ ಮುಂದೆ ನೀವು ಯಾರನ್ನೂ ಕೇಳಬೇಕಾಗಿಲ್ಲ.

ಮೊದಲು ನಿಮ್ಮ ತಲೆಯಿಂದ ಆ 40 ಜಿಬಿ ಅನ್ನುವ ಸಂಖ್ಯೆ ತೆಗೆದುಹಾಕಿ. ಅದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮಿನಿ ಡಿವಿ ಟೇಪಿನಿಂದ ಇಳಿಸಿದ ಫೈಲು ತಾಸಿಗೆ ಸುಮಾರು 13 ಜಿಬಿ ಆಗುತ್ತದೆ, ಅದು ಅದರ ಸ್ವಭಾವ. ಡಿವಿಡಿ ಪ್ಲೇಯರಿಗೆ ಆ ಫೈಲು ಗೊತ್ತೇ ಇಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ಅನ್ನುವ ಬೇರೆ ರೂಪ. ಅಂದರೆ ನಿಮ್ಮ ಫೈಲು 40 ಜಿಬಿ ಇರಲಿ, 4 ಜಿಬಿ ಇರಲಿ, ಹೇಗೂ ಅದನ್ನು ಹೊಸದಾಗಿ ಮಾಡಲೇಬೇಕು. ಹೊಸ ಫೈಲು ಎಷ್ಟು ದೊಡ್ಡದಾಗಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ನಿಮಿಷ ಇದೆ?

ನಿಮ್ಮದು 195 ನಿಮಿಷ. ಈಗ ಒಂದು ಸುಲಭದ ಲೆಕ್ಕ. 600 ಅನ್ನು ನಿಮಿಷದಿಂದ ಭಾಗಿಸಿ. ಬಂದ ಉತ್ತರವೇ ಒಂದು ಸೆಕೆಂಡಿನ ವಿಡಿಯೊಗೆ ಸಿಗುವ ಜಾಗ, ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಇದಕ್ಕೇ ಬಿಟ್‌ರೇಟ್ ಅನ್ನುತ್ತಾರೆ. ಧ್ವನಿಯೂ ಇದರಲ್ಲೇ ಬರಬೇಕು. ಖಾಲಿ ಡಿವಿಡಿ ಮೇಲೆ 120 ನಿಮಿಷ ಅಂತ ಬರೆದಿರುತ್ತದಲ್ಲ, ಅದಕ್ಕೆ ಹಾಕಿ ನೋಡಿ: 600 ಭಾಗಿಸು 120, ಅಂದರೆ 5. ಎರಡು ತಾಸಿಗೆ 5 ಎಂಬಿಪಿಎಸ್. ಇದು ಸಾಧಾರಣವಾಗಿ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ 195ಕ್ಕೆ ಹಾಕಿದರೆ 3 ಚಿಲ್ಲರೆ ಬರುತ್ತದೆ. ಅಂಗಡಿಯವರ ಡಿವಿಡಿ ಒಡೆದದ್ದು ಇದಕ್ಕೇ. ಅವರ ಕಂಪ್ಯೂಟರಿನ ತಪ್ಪೂ ಅಲ್ಲ, ಡಿಸ್ಕಿನ ತಪ್ಪೂ ಅಲ್ಲ. ಜಾಗ ಇರಲಿಲ್ಲ.

ಈ 600 ಎಲ್ಲಿಂದ ಬಂತು ಅಂತ ಕೇಳಬಹುದು. ಒಂದು ಖಾಲಿ ಡಿವಿಡಿ ಹಿಡಿಯುವುದು 4.7 ಜಿಬಿ. ಒಂದು ಬೈಟಿಗೆ ಎಂಟು ಬಿಟ್, ಅಂದರೆ ಸುಮಾರು 37,600 ಮೆಗಾಬಿಟ್. 60 ಸೆಕೆಂಡಿಗೆ ಹಂಚಿದರೆ 626 ಬರುತ್ತದೆ. ಮೆನು ಮತ್ತು ಡಿವಿಡಿಯ ಒಳಗಿನ ಜೋಡಣೆಗೆ ಸ್ವಲ್ಪ ಬಿಟ್ಟು 600 ಇಟ್ಟುಕೊಂಡಿದ್ದೇವೆ, ಅಷ್ಟೇ. ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸುತ್ತೇನೆ. ಕವರಿನ ಮೇಲೆ 4.7 ಅಂತ ಇರುತ್ತದೆ, ವಿಂಡೋಸ್ 4.37 ಅಂತ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜೋಳ ಅಷ್ಟೇ, ಸೇರು ಬೇರೆ. ನಿಮ್ಮ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕಾದದ್ದು 4.37. ನಾನು 4.3 ಮುಟ್ಟಿದ ಕೂಡಲೇ ನಿಲ್ಲಿಸುತ್ತೇನೆ. ಡಿವಿಡಿ ಒಳಗಿನಿಂದ ಹೊರಗೆ ಬರೆದುಕೊಂಡು ಹೋಗುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ ಆ ಹೊರಗಿನ ಅಂಚೇ.

ಈಗ ಚಿತ್ರ ಯಾಕೆ ಚೌಕವಾಗುತ್ತದೆ ಅನ್ನುವುದಕ್ಕೆ ಬರೋಣ. ಇದು ಗೊತ್ತಿದ್ದರೆ ಯಾವ ಟೇಪನ್ನು ಯಾವುದರ ಜೊತೆ ಹಾಕಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರ ಇರುತ್ತವೆ. ಅಷ್ಟನ್ನೂ ಪೂರ್ತಿಯಾಗಿ ಇಡುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೆ ಒಂದು ಪೂರ್ತಿ ಚಿತ್ರ ಇಟ್ಟು, ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನುವುದನ್ನು ಮಾತ್ರ ಬರೆದುಕೊಳ್ಳುತ್ತದೆ. ನಿಮ್ಮ ಮನೆಯ ಪಡಸಾಲೆಯನ್ನು ಅಪ್ಪ ನಿಂತುಕೊಂಡು ತೆಗೆದಿದ್ದಾರೆ ಅಂದುಕೊಳ್ಳಿ. ಗೋಡೆ ಅಲ್ಲೇ ಇದೆ, ಕಂಬ ಅಲ್ಲೇ ಇದೆ, ಅಜ್ಜಿಯ ತುಟಿ ಮಾತ್ರ ಆಡುತ್ತಿದೆ. ಬರೆಯುವುದಕ್ಕೆ ಏನೂ ಇಲ್ಲ. 3 ಎಂಬಿಪಿಎಸ್ ಇದ್ದರೂ ನಡೆಯುತ್ತದೆ. ಅದೇ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಕ್ಷಣ ನೋಡಿ. ನಾಲ್ಕೂ ಕಡೆಯಿಂದ ಸಾವಿರ ಕಾಳು ಹಾರುತ್ತವೆ, ಒಂದೊಂದೂ ಒಂದೊಂದು ದಿಕ್ಕಿಗೆ. ನೂರು ಕೈ ಒಟ್ಟಿಗೆ ಮೇಲೇಳುತ್ತವೆ. ಪ್ರತಿ ಚಿತ್ರವೂ ಹಿಂದಿನದಕ್ಕಿಂತ ಪೂರ್ತಿ ಬೇರೆ. ಅಲ್ಲಿ ಜಾಗ ಸಾಲದಿದ್ದರೆ ಸಣ್ಣ ವಿವರ ಎಲ್ಲಾ ಬಿಟ್ಟುಹೋಗುತ್ತದೆ, ಉಳಿಯುವುದು ಬರೀ ಬಣ್ಣದ ಚೌಕ. ನಿಮ್ಮ ಡಿವಿಡಿ ಹಾಕಿ ಆ ಜಾಗ ಹುಡುಕಿ. ಹಿಂದಿನ ನಿಮಿಷದವರೆಗೆ ಅಕ್ಕನ ಮುಖ ಚೆನ್ನಾಗಿರುತ್ತದೆ. ಅಕ್ಕಿಕಾಳು ಬಿದ್ದ ಕೂಡಲೇ ಮುಖ ಕದಡಿಹೋಗುತ್ತದೆ. ಎರಡು ಸೆಕೆಂಡು ಬಿಟ್ಟು ಮತ್ತೆ ಸರಿಯಾಗುತ್ತದೆ. ಮದುವೆಯಲ್ಲಿ ನೋಡಲೇಬೇಕಾದ ಎರಡು ಸೆಕೆಂಡು ಅವೇ ಅಲ್ವಾ?

ಬಾಗಲಕೋಟೆಯ ಹೋಳಿ ಇದಕ್ಕಿಂತ ಕಷ್ಟ. ಬಂಡಿಯ ಮೇಲೆ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುವುದು, ಗುಲಾಲಿನ ಪುಡಿ ಮೋಡದ ಹಾಗೆ ಏಳುವುದು, ಹಲಗೆ ಬಾರಿಸುವ ಕೈ, ಜೊತೆಗೆ ನೂಕುನುಗ್ಗಲಿನಲ್ಲಿ ಅಪ್ಪನ ಕ್ಯಾಮೆರಾವೂ ಅಲ್ಲಾಡಿರುತ್ತದೆ. ಕೆಂಪು ಬಣ್ಣವಂತೂ ಡಿವಿಡಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬಣ್ಣದ ವಿವರವನ್ನು ಅದು ಬೆಳಕಿನ ವಿವರಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತದೆ. ಆದ್ದರಿಂದ ಹೋಳಿಯ ಟೇಪಿಗೆ ನಾನು 6 ಎಂಬಿಪಿಎಸ್‌ಗಿಂತ ಕಡಿಮೆ ಕೊಡುವುದೇ ಇಲ್ಲ.

ಈಗ ಹಂಚೋಣ. ಒಂದು ಡಿಸ್ಕಿನಲ್ಲಿ ಹೋಳಿ 60 ಮತ್ತು ಜವಳ 30, ಒಟ್ಟು 90 ನಿಮಿಷ. 600 ಭಾಗಿಸು 90, ಅಂದರೆ 6.6. ಇನ್ನೊಂದರಲ್ಲಿ ಮದುವೆ 60 ಮತ್ತು ಹಳೇ ಮನೆ 45, ಒಟ್ಟು 105 ನಿಮಿಷ. 5.7 ಬರುತ್ತದೆ. ಮನೆಯ ಟೇಪು ನಿಧಾನದ್ದು, ಅದಕ್ಕೆ ಕಡಿಮೆ ಸಾಕು. ಅದು ಬಿಟ್ಟುಕೊಟ್ಟ ಜಾಗವನ್ನು ಮದುವೆ ಬಳಸಿಕೊಳ್ಳುತ್ತದೆ. ಇದು ತಾನಾಗಿ ಆಗಬೇಕಾದರೆ ಸಾಫ್ಟ್‌ವೇರಿನಲ್ಲಿ ವಿಬಿಆರ್ (ದೃಶ್ಯಕ್ಕೆ ತಕ್ಕಂತೆ ಬಿಟ್‌ರೇಟ್ ಬದಲಾಗುವುದು) ಮತ್ತು ಟೂ ಪಾಸ್ ಅನ್ನುವ ಆಯ್ಕೆ ಇದೆಯಾ ನೋಡಿ, ಇದ್ದರೆ ಹಾಕಿ. ಕಂಪ್ಯೂಟರ್ ಮೊದಲ ಸುತ್ತಿನಲ್ಲಿ ಇಡೀ ವಿಡಿಯೊ ನೋಡಿ ಎಲ್ಲಿ ಕಷ್ಟ ಇದೆ ಅಂತ ಗುರುತು ಮಾಡಿಕೊಳ್ಳುತ್ತದೆ, ಎರಡನೇ ಸುತ್ತಿನಲ್ಲಿ ಅದರ ಪ್ರಕಾರ ಹಂಚುತ್ತದೆ. ಸಮಯ ಹೆಚ್ಚುಕಡಿಮೆ ಎರಡರಷ್ಟು ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವಿಜಯಪುರದಲ್ಲಿ ನಾನು ಈ ಕೆಲಸ ಕಲಿಯುವ ಮೊದಲು ನಮ್ಮ ಅವ್ವನ ಒಂದು ಟೇಪು ಇತ್ತು. ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಾ ಯಾರದೋ ಜೊತೆ ಮಾತಾಡುತ್ತಿದ್ದ ಹತ್ತು ನಿಮಿಷ ಅದರಲ್ಲಿತ್ತು. ಅದನ್ನೂ ಇನ್ನೂ ಮೂರು ಟೇಪನ್ನೂ ಒಂದು ಅಂಗಡಿಗೆ ಕೊಟ್ಟೆ. ನಾಲ್ಕು ತಾಸಿನದನ್ನು ಒಂದೇ ಡಿವಿಡಿಗೆ ಹಾಕಿ ಕೊಟ್ಟರು. ಟೇಪು ಇನ್ಯಾಕೆ ಅಂತ ಮನೆಯಲ್ಲಿ ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿದೆವು. ಈಗ ಆ ಡಿವಿಡಿ ಹಾಕಿದರೆ ಅವ್ವನ ಮುಖ ಕಾಣುತ್ತದೆ, ಧ್ವನಿ ಕೇಳುತ್ತದೆ, ಪಟಪಟ ಅನ್ನುವ ಸದ್ದೂ ಇದೆ. ಕೈ ಇಲ್ಲ. ಕೈ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ನಾಲ್ಕೈದು ಚೌಕ ಓಡಾಡುತ್ತವೆ. ಎಡಗೈಯಲ್ಲಿ ಹಿಟ್ಟು ತಿರುಗಿಸುವುದನ್ನು ಅವ್ವ ಹೇಗೆ ಮಾಡುತ್ತಿದ್ದಳು ಅಂತ ನನ್ನ ಮಗಳಿಗೆ ತೋರಿಸಬೇಕೆಂದಿದ್ದೆ. ಆಗಲಿಲ್ಲ. ಆದ್ದರಿಂದ ನಿಮ್ಮ ಆ 40 ಜಿಬಿ ಇದೆಯಲ್ಲ, ಅದನ್ನು ಅಳಿಸಬೇಡಿ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಟೇಪನ್ನೂ ಇಟ್ಟುಕೊಳ್ಳಿ. ಡಿವಿಡಿ ದೊಡ್ಡವ್ವ ನೋಡುವುದಕ್ಕೆ ಮಾಡಿದ ಪ್ರತಿ, ಮೂಲ ಅಲ್ಲ.

ಇನ್ನು ದೊಡ್ಡವ್ವ ‘ಏನೂ ಬರವಲ್ದು’ ಅಂದರಲ್ಲ, ಅದರ ಕಾರಣ ಬೇರೆ. ನೀವು ಮಾಡಿದ್ದು ಡೇಟಾ ಡಿವಿಡಿ. ಫೈಲನ್ನು ಹಾಗೇ ಹಾಕಿದ್ದೀರಿ, ಕಂಪ್ಯೂಟರಿಗೆ ಅದು ಸಾಕು. ಪ್ಲೇಯರ್ ಡಿಸ್ಕಿನಲ್ಲಿ ಮೊದಲು ವಿಡಿಯೊ ಟಿಎಸ್ ಅನ್ನುವ ಫೋಲ್ಡರ್ ಹುಡುಕುತ್ತದೆ. ಒಳಗೆ ವಿಒಬಿ ಫೈಲುಗಳಲ್ಲಿ ಚಿತ್ರ ಮತ್ತು ಧ್ವನಿ, ಐಎಫ್ಒ ಫೈಲುಗಳಲ್ಲಿ ಯಾವುದು ಎಲ್ಲಿದೆ ಅನ್ನುವ ಪಟ್ಟಿ ಇರಬೇಕು. ಈ ಜೋಡಣೆಗೆ ಆಥರಿಂಗ್ ಅನ್ನುತ್ತಾರೆ. ಡಿವಿಡಿ ಸ್ಟೈಲರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನು ಮಾಡುತ್ತದೆ. ನೀವು ಫೈಲು ಎಳೆದು ಹಾಕಿದರೆ ಎಂಪೆಗ್-2ಗೆ ಬದಲಾಯಿಸುವುದು, ಮೆನು ಕಟ್ಟುವುದು, ಬರೆಯುವುದು ಎಲ್ಲಾ ಅದರಲ್ಲೇ ಇದೆ. ಹ್ಯಾಂಡ್‌ಬ್ರೇಕ್ ಅನ್ನು ಇದಕ್ಕೆ ಬಳಸಬೇಡಿ. ಒಳ್ಳೆಯ ಸಾಫ್ಟ್‌ವೇರ್, ಆದರೆ ಅದು ಮಾಡಿಕೊಡುವ ಎಂಪಿ4 ಫೈಲು ಡಿವಿಡಿ ಅಲ್ಲ.

ಡಿವಿಡಿ ಸ್ಟೈಲರಿನಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಪಾಲ್ (PAL) ಅನ್ನುವ ಟಿವಿ ಪದ್ಧತಿ ಆರಿಸಿ. ನಮ್ಮ ದೇಶದ ಟಿವಿ, ಅಪ್ಪನ ಕ್ಯಾಮೆರಾ ಎರಡೂ ಅದೇ: 720 ಗುಣಿಸು 576, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಆರಿಸಿದರೆ ಅದು 29.97ಕ್ಕೆ ಎಳೆಯುತ್ತದೆ, ಸುಮ್ನೆ ಚಿತ್ರ ಹಾಳು. ಧ್ವನಿಗೆ ಎಸಿ3 ಅನ್ನುವ ಕುಗ್ಗಿಸಿದ ರೂಪ, 192 ಅಥವಾ 224 ಕೆಬಿಪಿಎಸ್ ಸಾಕು. ಇದನ್ನು ಕಣ್ಣಿಟ್ಟು ನೋಡಿ. ಕೆಲವು ಸಾಫ್ಟ್‌ವೇರುಗಳು ಕೇಳದೇ ಪಿಸಿಎಂ, ಅಂದರೆ ಕುಗ್ಗಿಸದ ಧ್ವನಿ, ಹಾಕಿಬಿಡುತ್ತವೆ. ಪಿಸಿಎಂ ಒಂದೇ ಒಂದೂವರೆ ಎಂಬಿಪಿಎಸ್ ನುಂಗುತ್ತದೆ. ನಿಮ್ಮ 5.7ರಲ್ಲಿ ಅದೇ ಕಾಲು ಭಾಗಕ್ಕಿಂತ ಜಾಸ್ತಿ ಹೋದರೆ ಚಿತ್ರಕ್ಕೆ ಏನು ಉಳಿಯಿತು? ಎಸಿ3ಗೆ 0.2 ಬಿಟ್ಟು, ಚಿತ್ರಕ್ಕೆ ಮೊದಲನೇ ಡಿಸ್ಕಿನಲ್ಲಿ 6.4, ಎರಡನೆಯದರಲ್ಲಿ 5.5 ಕೊಡಿ.

ಅಪ್ಪನ ಟೇಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಕ್ಯಾಮೆರಾ ಪ್ರತಿ ಚಿತ್ರವನ್ನು ಎರಡು ಅರ್ಧವಾಗಿ ತೆಗೆಯುತ್ತದೆ, ಸಾಲು ಬಿಟ್ಟು ಸಾಲು. ಇದು ಇಂಟರ್‌ಲೇಸ್ಡ್. ಕಂಪ್ಯೂಟರಿನಲ್ಲಿ ನೋಡಿದಾಗ ಕೈ ಬೀಸಿದ ಕಡೆ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತವೆ. ಹೆದರಿ ಡಿಇಂಟರ್‌ಲೇಸ್ (ಎರಡು ಅರ್ಧವನ್ನು ಒಂದು ಮಾಡುವ ಆಯ್ಕೆ) ಒತ್ತಬೇಡಿ. ಡಿವಿಡಿ ಈ ಎರಡು ಅರ್ಧವನ್ನು ಹಾಗೇ ಇಟ್ಟುಕೊಳ್ಳುತ್ತದೆ, ಟಿವಿಯಲ್ಲಿ ಓಟ ನಯವಾಗಿ ಬರುತ್ತದೆ. ಆದರೆ ಯಾವ ಅರ್ಧ ಮೊದಲು ಅನ್ನುವುದು ಸರಿ ಇರಬೇಕು. ಮಿನಿ ಡಿವಿಯಲ್ಲಿ ಕೆಳಗಿನ ಸಾಲು ಮೊದಲು, ಅಂದರೆ ಬಾಟಮ್ ಫೀಲ್ಡ್ ಫಸ್ಟ್. ತಪ್ಪಾಗಿ ಟಾಪ್ ಹಾಕಿದರೆ ಹಲಗೆಯವನ ಕೈ ಮುಂದೆ ಹೋಗಿ, ಮತ್ತೆ ಹಿಂದೆ ಬಂದ ಹಾಗೆ ನಡುಗುತ್ತದೆ. ಕಂಪ್ಯೂಟರಿನಲ್ಲಿ ಇದು ಗೊತ್ತಾಗದೇ ಇರಬಹುದು, ಟಿವಿಗೆ ಹಾಕಿದಾಗ ಕಣ್ಣಿಗೆ ಹೊಡೆಯುತ್ತದೆ.

ಜವಳದ ಮೊಬೈಲ್ ವಿಡಿಯೊ ಸೆಕೆಂಡಿಗೆ 30 ಚಿತ್ರದ್ದಿರುತ್ತದೆ. 25ಕ್ಕೆ ತಂದಾಗ ಅಲ್ಲಲ್ಲಿ ಸ್ವಲ್ಪ ಜಿಗಿಯುತ್ತದೆ, ಅದನ್ನು ಒಪ್ಪಿಕೊಳ್ಳಿ. ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದಿದ್ದರೆ ಎರಡೂ ಬದಿ ಕಪ್ಪು ಬರುತ್ತದೆ. ಅಗಲ ತುಂಬಲಿ ಅಂತ ಹಿಗ್ಗಿಸಬೇಡಿ, ಮಗು ಬಾತುಕೊಂಡ ಹಾಗೆ ಕಾಣುತ್ತದೆ. ಹಳೇ ಟೇಪುಗಳು 4:3, ಮೊಬೈಲಿನದು 16:9. ಒಂದೇ ಡಿಸ್ಕಿನಲ್ಲಿ ಎರಡನ್ನೂ ಬೇರೆ ಬೇರೆ ಟೈಟಲ್‌ಸೆಟ್ (ಡಿವಿಡಿಯೊಳಗಿನ ವಿಭಾಗ) ಆಗಿ ಇಟ್ಟರೆ ಎರಡೂ ತಮ್ಮ ಆಕಾರದಲ್ಲೇ ಇರುತ್ತವೆ.

‘ಎರಡು ಡಿಸ್ಕ್ ಯಾಕೆ, 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ತರುತ್ತೇನೆ’ ಅಂತ ನಿಮಗೆ ಅನ್ನಿಸಬಹುದು. ಲೆಕ್ಕಕ್ಕೆ ಸರಿ, 195 ನಿಮಿಷವೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಮನೆಯಲ್ಲಿ ಬರೆದ ಡ್ಯುಯಲ್ ಲೇಯರ್ ಡಿಸ್ಕನ್ನು ಹಳೇ ಪ್ಲೇಯರುಗಳು ಎಷ್ಟೋ ಸಲ ಓದುವುದಿಲ್ಲ. ಓದಿದರೂ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಗಕ್ಕನೆ ನಿಲ್ಲುತ್ತವೆ. ದೊಡ್ಡವ್ವ ಕೆಟ್ಟುಹೋಯಿತು ಅಂದುಕೊಂಡು ಆಫ್ ಮಾಡಿಬಿಡುತ್ತಾರೆ. ಬೇಡ. ಒಂದೇ ಡಿಸ್ಕ್ ಬೇಕೇ ಬೇಕು ಅಂತಿದ್ದರೆ ಇರುವ ದಾರಿ, ಅಗಲವನ್ನು 720ರಿಂದ 352ಕ್ಕೆ ಇಳಿಸುವುದು. ಡಿವಿಡಿ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಅರ್ಧ ಚಿತ್ರ, ಹಾಗಾಗಿ 3 ಎಂಬಿಪಿಎಸ್ ಸಾಲುತ್ತದೆ, ಚೌಕ ಬರುವುದಿಲ್ಲ. ನಿಮ್ಮದು ಹಳೇ ವಿಎಚ್‌ಎಸ್ ಕ್ಯಾಸೆಟ್ ಆಗಿದ್ದರೆ ನಾನೇ ಇದನ್ನು ಹೇಳುತ್ತಿದ್ದೆ, ಯಾಕೆಂದರೆ ಅದರಲ್ಲಿ ಅಡ್ಡಕ್ಕೆ ಅಷ್ಟು ವಿವರವೇ ಇರುವುದಿಲ್ಲ. ಮಿನಿ ಡಿವಿಯಲ್ಲಿ ಇದೆ. ಗುಂಪಿನಲ್ಲಿ ದೂರ ನಿಂತವರ ಮುಖ ಗುರುತು ಹಿಡಿಯುವಷ್ಟು ಇದೆ. ಅದನ್ನು ಕಳೆಯಬೇಡಿ.

ಕಳೆಯಬೇಕಾದದ್ದು ಬೇರೆ ಇದೆ. ಆಫ್ ಮಾಡಲು ಮರೆತು ನೆಲ, ಚಪ್ಪಲಿ, ಜೇಬಿನ ಬಟ್ಟೆ ರೆಕಾರ್ಡ್ ಆದ ನಿಮಿಷಗಳು ಪ್ರತಿ ಟೇಪಿನಲ್ಲೂ ಇರುತ್ತವೆ. ಹತ್ತು ನಿಮಿಷ ಕತ್ತರಿಸಿದರೂ ಉಳಿದದ್ದಕ್ಕೆ ಅಷ್ಟು ಜಾಗ ಸಿಗುತ್ತದೆ. ಆದರೆ ಹಳೇ ಮನೆಯ ಟೇಪಿನಲ್ಲಿ ಮಾತ್ರ ಕತ್ತರಿ ಬೇಡ. ಅಲ್ಲಿ ಕ್ಯಾಮೆರಾ ಸುಮ್ನೆ ಗೋಡೆ ಮೇಲೆ ನಿಂತಿದ್ದರೂ ಆ ಗೋಡೆ ಈಗ ಇಲ್ಲ. ಬಾಗಿಲ ಚೌಕಟ್ಟು, ಜಂತಿ, ಬಚ್ಚಲ ಕಲ್ಲು ಹೇಗಿದ್ದವು ಅಂತ ನಾಳೆ ಯಾರೋ ಕೇಳುತ್ತಾರೆ.

ಬರೆಯುವ ಕೆಲಸಕ್ಕೆ ಬರೋಣ. ನೇರವಾಗಿ ಡಿಸ್ಕಿಗೆ ಬರೆಯಬೇಡಿ. ಮೊದಲು ಹಾರ್ಡ್‌ಡಿಸ್ಕಿನಲ್ಲಿ ಐಎಸ್ಒ ಫೈಲು, ಅಂದರೆ ಇಡೀ ಡಿವಿಡಿಯ ಒಂದೇ ಫೈಲಿನ ಪ್ರತಿ, ಮಾಡಿ, ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಮೆನು ಕೆಲಸ ಮಾಡುತ್ತದಾ, ಅಕ್ಕಿಕಾಳಿನ ಜಾಗ ಚೆನ್ನಾಗಿದೆಯಾ, ತುಟಿಗೂ ಮಾತಿಗೂ ಹೊಂದುತ್ತದಾ ಅಂತ ನೋಡಿಕೊಂಡು ಆಮೇಲೆ ಬರೆಯಿರಿ. ಐಎಸ್ಒವನ್ನು ಪೆನ್‌ಡ್ರೈವಿನಲ್ಲಿ ಬೇರೆ ಕಡೆ ಒಯ್ಯುವುದಾದರೆ ಅದು ಫ್ಯಾಟ್32 ಅನ್ನುವ ಫಾರ್ಮ್ಯಾಟಿನಲ್ಲಿ ಇರಬಾರದು. ಅದರಲ್ಲಿ 4 ಜಿಬಿ ದಾಟಿದ ಫೈಲು ಕೂರುವುದಿಲ್ಲ. ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ಸಾಫ್ಟ್‌ವೇರ್ ಉಚಿತ, ಅದರಲ್ಲಿ ವೆರಿಫೈ (ಬರೆದದ್ದನ್ನು ಓದಿ ಸರಿನೋಡುವ ಆಯ್ಕೆ) ಹಾಕಿಟ್ಟು ಬರೆಯಿರಿ. ಹಳೇ ಪ್ಲೇಯರಿಗೆ ಡಿವಿಡಿ ಮೈನಸ್ ಆರ್ (ಕವರಿನ ಮೇಲೆ DVD-R ಅಂತ ಇರುವ) ಡಿಸ್ಕ್ ಒಳ್ಳೆಯದು. ವೇಗ 4 ಅಥವಾ 8ರಲ್ಲಿಡಿ. 4ರಲ್ಲಿ ಸುಮಾರು ಕಾಲು ತಾಸು ಹಿಡಿಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಬರೆಯಿರಿ. ನಡುವೆ ಕರೆಂಟ್ ಹೋದರೆ ಆ ಡಿಸ್ಕ್ ಹೋಯಿತು.

ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಒಂದು ಕಡೆ ಭಾರವಾಗಿ ತಿರುಗುವಾಗ ಅದುರುತ್ತದೆ, ಬೇಸಿಗೆಯಲ್ಲಿ ಅಂಟು ಬಿಟ್ಟು ಪ್ಲೇಯರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ತುದಿಯ ಸಿಡಿ ಮಾರ್ಕರಿನಲ್ಲಿ ಬರೆಯಿರಿ. ಬರೆದ ಡಿವಿಡಿಯಲ್ಲಿ ಚಿತ್ರ ಉಳಿದಿರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು ಮತ್ತು ಶಾಖ ಅದನ್ನು ಕೆಡಿಸುತ್ತವೆ. ನಮ್ಮ ಕಡೆ ಏಪ್ರಿಲ್, ಮೇ ಹೊತ್ತಿಗೆ 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೆಳಗೆ, ಟಿವಿಯ ತಲೆ ಮೇಲೆ, ಕಿಟಕಿಯ ಪಕ್ಕ ಬೇಡ. ಬಟ್ಟೆಯ ಟ್ರಂಕಿನೊಳಗೆ ಡಬ್ಬಿಯಲ್ಲಿ ನಿಲ್ಲಿಸಿಡಲಿ.

ದೊಡ್ಡವ್ವನಿಗಾಗಿ ಮೆನು ಸರಳವಾಗಿರಲಿ. ಎರಡೇ ಗುಂಡಿ, ದೊಡ್ಡ ಅಕ್ಷರ. ಹಳೇ ಟಿವಿ ಅಂಚನ್ನು ಸ್ವಲ್ಪ ನುಂಗುತ್ತದೆ, ಆದ್ದರಿಂದ ಅಕ್ಷರ ನಡುವೆ ಇರಲಿ. ಐದೈದು ನಿಮಿಷಕ್ಕೆ ಒಂದು ಚಾಪ್ಟರ್ ಹಾಕಿ, ರಿಮೋಟಿನ ಮುಂದಿನ ಗುಂಡಿ ಒತ್ತಿದರೆ ಜಿಗಿಯುತ್ತದೆ.

ಎರಡನ್ನೂ ಹತ್ತು ಹತ್ತು ಪ್ರತಿ ಮಾಡಿ ಬಂಧುಬಳಗಕ್ಕೆಲ್ಲ ಹಂಚುವ ಮುಂಚೆ ಒಂದೊಂದೇ ಬರೆದು ಇಳಕಲ್ಲಿಗೆ ಒಯ್ಯಿರಿ. ದೊಡ್ಡವ್ವನ ಪ್ಲೇಯರಿನಲ್ಲೇ ಹಾಕಿ. ಹೋಳಿಯಲ್ಲಿ ಬಣ್ಣದ ಬಂಡಿ ಬರುವ ಜಾಗ ನೋಡಿ. ಆಮೇಲೆ ಎರಡನೆಯದನ್ನು ಹಾಕಿ ಹಳೇ ಮನೆಯ ಕೊನೆಯ ಐದು ನಿಮಿಷ ಓಡಿಸಿ, ಡಿಸ್ಕಿನ ಹೊರ ಅಂಚು ಅಲ್ಲೇ ಇರುತ್ತದೆ. ಅಲ್ಲಿಯೂ ತಡವರಿಸದೆ ಓಡಿದರೆ ಉಳಿದದ್ದನ್ನು ಬರೆಯಿರಿ. ತಡವರಿಸಿದರೆ ಬೇರೆ ಕಂಪನಿಯ ಡಿಸ್ಕ್ ತಂದು, 4ರ ವೇಗದಲ್ಲಿ ಅದೇ ಐಎಸ್ಒ ಮತ್ತೊಮ್ಮೆ ಬರೆದರೆ ಸಾಕು. ವಿಡಿಯೊ ಮತ್ತೆ ಮಾಡಬೇಕಾಗಿಲ್ಲ.